ಅಸಾತ ವೇದನೀಯವೂ ರಾತ್ರಿಯ ಮಾತ್ರೆಯೂ

ಸೂರ್ಯ ಮುಳುಗಿದ ಮೇಲೆ ನಾನು ಏನೂ ತಿನ್ನುವುದಿಲ್ಲ. ಆ ವ್ರತ ಹಿಡಿಯುವಾಗ ನೀರಿಗೂ ಮದ್ದಿಗೂ ಮಾತ್ರ ಎಡೆ ಇಟ್ಟುಕೊಂಡಿದ್ದೆ. ಈಗ ಆ ಮದ್ದಿನ ಎಡೆಯಲ್ಲೇ ನನ್ನ ರಾತ್ರಿಗಳು ಕಳೆಯುತ್ತಿವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಸೀರೆ ಬಿಗಿದ ಸೊಂಟದ ಸುತ್ತ ಮೊದಲು ಬಿಸಿ. ಆಮೇಲೆ ನವೆ. ನೋಡನೋಡುತ್ತ ಕೆಂಪು ದದ್ದುಗಳು ಒಂದಕ್ಕೊಂದು ಕೂಡಿಕೊಂಡು ಬೆನ್ನಿಗೇರುತ್ತವೆ. ಬೆಳಿಗ್ಗೆ ವೈದ್ಯರಿಗೆ ತೋರಿಸೋಣವೆಂದರೆ ಗುರುತೂ ಉಳಿದಿರುವುದಿಲ್ಲ.

ನಮ್ಮೂರಲ್ಲಿ ಪಿತ್ತಗಂಧೆ ಎನ್ನುತ್ತಾರೆ. ಆರು ವಾರ ದಾಟಿಯೂ ಮರುಕಳಿಸಿದರೆ ಅದು ದೀರ್ಘಕಾಲದ್ದು ಎಂದರು ಚರ್ಮವೈದ್ಯರು. ಚರ್ಮದೊಳಗಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ, ಅದರಿಂದ ಊತ, ನವೆ. ಅವು ಯಾಕೆ ಸುರಿಸಬೇಕು? ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅವನ್ನು ಕೆಣಕುತ್ತದೆಯಂತೆ. ಹೊರಗಿನ ಕಾರಣವಂತೂ ಬಹಳ ಮಂದಿಗೆ ಸಿಗುವುದೇ ಇಲ್ಲ. ನನ್ನ ರಕ್ತ, ಥೈರಾಯ್ಡ್ ಎಲ್ಲ ಸರಿಯಾಗಿತ್ತು. ಕಾರಣ ಗೊತ್ತಿಲ್ಲ ಎಂದು ಅವರು ನೇರವಾಗಿ ಹೇಳಿದರು. ಆ ಮಾತಿಗೆ ನಾನು ಇಂದಿಗೂ ಋಣಿ.

ಗೊತ್ತಿಲ್ಲ ಎಂಬುದನ್ನು ಮನೆಯವರಿಗೆ ಸಹಿಸಲಾಗಲಿಲ್ಲ. ಬದನೆ ಬಿಡು ಎಂದರು ಕೆಲವರು. ಜೈನರಾದ ನಮ್ಮ ಅಡುಗೆಮನೆಗೆ ಬದನೆ ಯಾವತ್ತೂ ಬಂದದ್ದಿಲ್ಲ. ದೊಡ್ಡಪತ್ರೆ ರಸ ಹಚ್ಚಿದೆ, ಪುನರ್ಪುಳಿ ಸಾರು ಕುಡಿದೆ. ದೊಡ್ಡಮ್ಮ ಮಾತ್ರ ಹತ್ತಿರ ಕರೆದು, “ಮಗಾ, ಅಜ್ಜನ ಕಾಲದಲ್ಲಿ ನಾಗಬನದ ಮರ ಕಡಿದಿದ್ದಾರೆ. ನಾಗ ಬಿಡುವುದಿಲ್ಲ” ಎಂದರು. ತುಳುನಾಡಿನ ಜೈನರ ಮನೆಗಳಲ್ಲೂ ನಾಗನಿಗೆ ತಂಬಿಲ ಸೇವೆ ಕೊಡುವುದುಂಟು. ಆ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಚುಚ್ಚಿದ್ದು ಬಸದಿಯ ಅಂಗಳದಲ್ಲಿ ಕೇಳಿದ ಇನ್ನೊಂದು ಮಾತು: “ಯಾವ ಜನ್ಮದಲ್ಲಿ ಏನು ಮಾಡಿದ್ದಳೋ.” ಚುಚ್ಚಿತು, ಏಕೆಂದರೆ ಅದು ನನ್ನದೇ ಧರ್ಮದ ಮಾತು.

ಕರ್ಮವನ್ನು ನಾನು ನಂಬುತ್ತೇನೆ. ಈ ನವೆ ಅಸಾತ ವೇದನೀಯದ, ಎಂದರೆ ದುಃಖ ಉಣಿಸುವ ಕರ್ಮದ, ಉದಯ ಎಂದೂ ನಂಬುತ್ತೇನೆ. ಆದರೆ ಯಾವ ಭವದ ಯಾವ ಕೃತ್ಯದ ಫಲ ಎಂದು ತಿಳಿಯಲು ಅವಧಿಜ್ಞಾನವೋ ಕೇವಲಜ್ಞಾನವೋ ಬೇಕು. ಅಂಗಳದಲ್ಲಿ ನಿಂತು ಮಾತಾಡುವವರಿಗೆ ಅದು ಎಲ್ಲಿಂದ ಬಂತು?

ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರ ಓದುತ್ತೇವೆ. ಆರನೆಯ ದಿನ ಆಸ್ರವದ, ಎಂದರೆ ಕರ್ಮ ಒಳಹರಿಯುವ ಬಗೆಯ, ಅಧ್ಯಾಯ. ಅಸಾತ ವೇದನೀಯ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಉಮಾಸ್ವಾಮಿಗಳು ಅಲ್ಲೇ ಹೇಳಿದ್ದಾರೆ: ದುಃಖ, ಶೋಕ, ತಾಪ, ಆಕ್ರಂದನ, ಇವನ್ನೆಲ್ಲ ತನ್ನಲ್ಲಾಗಲಿ ಪರರಲ್ಲಾಗಲಿ ಹುಟ್ಟಿಸುವುದರಿಂದ. ಪರರಲ್ಲಿ! ಎಷ್ಟು ವರ್ಷ ಇದನ್ನು ಬಾಯಿಪಾಠ ಒಪ್ಪಿಸಿದ್ದೇವೆ ನಾವು. ರೋಗಿಯ ಎದುರು ನಿಂತು ಇದು ನಿನ್ನ ಪಾಪ ಎನ್ನುವುದು ಅವಳಲ್ಲಿ ಶೋಕ ಹುಟ್ಟಿಸುವುದೇ ಅಲ್ಲವೇ? ಅದರ ಮುಂದಿನ ಸೂತ್ರ ಸುಖ ಉಣಿಸುವ ಸಾತ ವೇದನೀಯದ್ದು. ಅಲ್ಲಿ ಮೊದಲು ಬರುವುದು ಅನುಕಂಪೆ, ಹಿಂದೆಯೇ ದಾನ. ದಾನಗಳಲ್ಲಿ ಔಷಧದಾನವನ್ನು ಹಿರಿಯರು ಬೇರೆಯಾಗಿಯೇ ಎಣಿಸಿದ್ದಾರೆ. ಅನುಭವಿಸಲಿ ಬಿಡು ಎಂಬುದೇ ಧರ್ಮವಾಗಿದ್ದರೆ ಔಷಧವನ್ನು ದಾನವೆಂದು ಎಣಿಸುವ ಅಗತ್ಯವೇನಿತ್ತು?

ವಡ್ಡಾರಾಧನೆಯಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆಯಿದೆ. ಅಂಥ ರೂಪವಂತನಿಗೆ ದೀಕ್ಷೆ ತೆಗೆದುಕೊಂಡ ಮೇಲೆ ಮೈತುಂಬ ರೋಗ, ಅದರಲ್ಲಿ ತುರಿಯೂ ಒಂದು. ದೇವತೆ ವೈದ್ಯನ ವೇಷದಲ್ಲಿ ಬಂದಾಗ, ಸಂಸಾರವೆಂಬ ವ್ಯಾಧಿಗೆ ಮದ್ದಿದ್ದರೆ ಕೊಡು ಎನ್ನುತ್ತಾನೆ ಮುನಿ. ಇದನ್ನು ಹೇಳಿ ಮದ್ದು ಬೇಡವೆನ್ನುವವರನ್ನು ಕಂಡಿದ್ದೇನೆ. ಆ ಮುನಿ ಹಾಗೆಂದದ್ದು ತನ್ನ ಮೈಯ ಬಗ್ಗೆ. ಪಕ್ಕದವನ ತುರಿಯ ಬಗ್ಗೆ ಅವನು ಏನೂ ಹೇಳಲಿಲ್ಲ.

ಸಾಮಾಯಿಕದ ಧ್ಯಾನಕ್ಕೆ ಕೂತಾಗಲೇ ನವೆ ಏಳುವುದು ಹೆಚ್ಚು. ಕೆರೆದರೆ ದದ್ದು ಇನ್ನೂ ಹಬ್ಬುತ್ತದೆ. ಹಾಗಾಗಿ ಕೈ ಕಟ್ಟಿ ಕೂರುತ್ತೇನೆ. ಆ ಹೊತ್ತಿನಲ್ಲಿ ಚರ್ಮದ ಉರಿಗಿಂತ ಮೊದಲು ಕಾಣುವುದು ಅಂಗಳದ ಮಾತಿನ ಮೇಲಿನ ನನ್ನ ಸಿಟ್ಟು. ಹಳೆಯ ಕರ್ಮ ಉದಯಕ್ಕೆ ಬಂದು ತೀರುವುದು ನನ್ನ ಕೈಯಲ್ಲಿಲ್ಲ, ಆದರೆ ಆ ಸಿಟ್ಟಿನಿಂದ ಹೊಸದನ್ನು ಕಟ್ಟಿಕೊಳ್ಳದಿರುವುದು ಸ್ವಲ್ಪವಾದರೂ ಇದೆ. ಕೆಲವು ಸಂಜೆ ಸಾಧ್ಯವಾಗುತ್ತದೆ. ಆಗದ ಸಂಜೆ ಎದ್ದು ಮಾತ್ರೆ ನುಂಗುತ್ತೇನೆ. ಅದರಿಂದ ವ್ರತ ಸಣ್ಣದಾಯಿತೆಂದು ನನಗೆ ಅನ್ನಿಸಿಲ್ಲ.

ದೊಡ್ಡಮ್ಮನ ನಾಗನ ಮಾತಿಗೆ ನನಗೆ ನೆನಪಾಗುವುದು ಶ್ರವಣಬೆಳಗೊಳದ ಬಾಹುಬಲಿ. ಅವನ ಕಾಲ ಬಳಿ ಹುತ್ತಗಳಿವೆ, ಹುತ್ತಗಳಿಂದ ತಲೆ ಎತ್ತಿದ ಹಾವುಗಳಿವೆ, ಮಾಧವಿ ಬಳ್ಳಿ ತೊಡೆಗೂ ತೋಳಿಗೂ ಹಬ್ಬಿದೆ. ಆ ಹಾವುಗಳು ಯಾರ ತಪ್ಪನ್ನೂ ಹುಡುಕಿಕೊಂಡು ಬಂದವಲ್ಲ. ಅವನು ಧ್ಯಾನದಲ್ಲಿ ನಿಂತಿದ್ದ, ಹುತ್ತ ಬೆಳೆಯಿತು.

ದೊಡ್ಡಮ್ಮನಿಗೆ ಕಳೆದ ವಾರ ಹೇಳಿದೆ: “ತಂಬಿಲ ಮಾಡಿಸೋಣ ದೊಡ್ಡಮ್ಮ, ನಾನೂ ಬಂದು ನಿಲ್ಲುತ್ತೇನೆ. ಕಡಿದ ಜಾಗದಲ್ಲಿ ಎರಡು ಗಿಡವನ್ನೂ ನೆಡೋಣ. ಸಂಕಲ್ಪದಲ್ಲಿ ನನ್ನ ಚರ್ಮದ ಹೆಸರು ಮಾತ್ರ ಬೇಡ.”