ಇಂದಿನ ಧಮ್ಮ ಚಿಂತನೆ: ಕಾಪಾಡುವುದೆಂದರೆ ಕರೆದೊಯ್ಯುವುದೇ?



ಮೂಡಿಗೆರೆ, ಕಳಸ ಭಾಗದಲ್ಲಿ ನನ್ನದು ಮಕ್ಕಳ ರಕ್ಷಣೆಯ ಕೆಲಸ. ಕಾಫಿ ಕೊಯ್ಲು ಶುರುವಾದರೆ ಅಪ್ಪ ಅಮ್ಮ ಬೆಳಗಾಗುತ್ತಲೇ ತೋಟಕ್ಕೆ ಹೋಗುತ್ತಾರೆ. ಲೈನ್ ಮನೆಯಲ್ಲಿ ಹತ್ತು ವರ್ಷದ ಹುಡುಗಿ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಾಳೆ. ಯಾರೋ 1098ಕ್ಕೆ ಫೋನ್ ಮಾಡುತ್ತಾರೆ, ನಾವು ಹೋಗುತ್ತೇವೆ. ಜೀಪ್ ಕಂಡೊಡನೆ ತಾಯಿ ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. "ಕೆಲ್ಸ ಬಿಟ್ಟು ಕೂತ್ರೆ ಹೊಟ್ಟೆಗೆ ಏನ್ ಮಾಡ್ಲಿ ಮೇಡಂ?" ಅನ್ನುತ್ತಾಳೆ. ಆಕೆಗೆ ಪ್ರೀತಿ ಕಡಿಮೆಯಿಲ್ಲ, ಬೇರೆ ದಾರಿಯಿಲ್ಲ.

ಇಂಥಲ್ಲಿ ನನಗೆ ರಾಹುಲನ ಪ್ರಸಂಗ ನೆನಪಾಗುತ್ತದೆ. ರಾಹುಲನಿಗೆ ಪ್ರವ್ರಜ್ಯೆ ಆದಾಗ ಅಜ್ಜ ಶುದ್ಧೋದನ ತುಂಬ ನೊಂದ. ಮೊದಲು ಮಗ ಹೋದ, ಆಮೇಲೆ ನಂದ, ಈಗ ಮೊಮ್ಮಗ. ಮಗುವಿಗೆ ಒಳ್ಳೆಯದೇ ಆಗಿದೆ ಎಂದು ಭಗವಾನ್ ಬುದ್ಧರು ಆ ನೋವನ್ನು ತಳ್ಳಿಹಾಕಲಿಲ್ಲ. ಇನ್ನು ಮುಂದೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ಪ್ರವ್ರಜ್ಯೆ ಕೊಡಬಾರದೆಂದು ಸಂಘಕ್ಕೆ ನಿಯಮ ಮಾಡಿದರು. ಇದು ವಿನಯಪಿಟಕದ ಮಹಾವಗ್ಗದಲ್ಲಿದೆ.

ಹಾಗಾದರೆ ಮನೆಯವರ ಮಾತೇ ಕೊನೆಯೇ? ಅಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಯಾರ ಒಪ್ಪಿಗೆಗೂ ಕಾಯುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. "ನಮ್ಮ ಕೇರಿಯ ಮರ್ಯಾದೆ" ಎಂದು ಮುಚ್ಚಿಡುವುದು ಶೀಲವೂ ಅಲ್ಲ, ಕರುಣೆಯೂ ಅಲ್ಲ.

ಆದರೆ ಬಡತನ ಬೇರೆ, ದೌರ್ಜನ್ಯ ಬೇರೆ. ಎರಡನ್ನೂ ಒಂದೇ ಕಣ್ಣಿನಿಂದ ನೋಡಿದರೆ ಬಡವರ ಮಕ್ಕಳೆಲ್ಲ ಬಾಲಮಂದಿರದಲ್ಲಿರಬೇಕಾಗುತ್ತದೆ. 2015ರ ಬಾಲನ್ಯಾಯ ಕಾಯ್ದೆಯೂ ಮಗುವಿನ ಮಾತು ಕೇಳಬೇಕು, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎನ್ನುತ್ತದೆ. ಆ ಹುಡುಗಿಯನ್ನು ಕೇಳಿದರೆ "ತಮ್ಮನ್ನ ಯಾರಾದ್ರೂ ನೋಡ್ಕೊಂಡ್ರೆ ನಾನು ಶಾಲೆಗೆ ಹೋಗ್ತೀನಿ" ಅನ್ನುತ್ತಾಳೆ. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಹುಡುಗಿಯನ್ನು ಜೀಪು ಹತ್ತಿಸುವ ಮೊದಲು, ಆ ವ್ಯವಸ್ಥೆ ಎಲ್ಲಿ ಎಂದು ತೋಟದವರನ್ನು ಕೇಳಬೇಕಲ್ಲವೇ?

ಪ್ರಜ್ಞೆ ಮತ್ತು ಕರುಣೆ ಕೂಡಿದ್ದೇ ಬುದ್ಧರ ಧಮ್ಮವೆಂದು ಬಾಬಾಸಾಹೇಬರು ತಿಳಿಸಿಕೊಟ್ಟರು. ಅಳುವ ಮಗುವನ್ನು ಕಂಡು ಕರಗುವುದು ಕರುಣೆ. ಅದು ಯಾಕೆ ಅಳುತ್ತಿದೆ ಎಂದು ಕೇಳಿ ತಿಳಿಯುವುದು ಪ್ರಜ್ಞೆ. ನಮ್ಮ ಹಿರಿಯರ ಪರವಾಗಿ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಿದ್ದ ಕಾಲವನ್ನು ದಾಟಿ ಬಂದವರು ನಾವು. ಇಂದು ಯಾರಿಗಾದರೂ ಸಹಾಯ ಮಾಡುವ ಮೊದಲು ಅವರ ಪಕ್ಕ ಕುಳಿತು, "ನಿಮಗೆ ಏನು ಬೇಕು?" ಎಂದು ಕೇಳೋಣ.

ಜೈ ಭೀಮ್, ನಮೋ ಬುದ್ಧಾಯ.