ಪೊರೆ ಬಿಡುವ ಹವಳ

ಕಣಕುಂಬಿಯಿಂದ ಚೋರ್ಲಾ ಘಟ್ಟ ಇಳಿದರೆ ಪಶ್ಚಿಮದ ಕಡಲು ದೂರವೇನಲ್ಲ. ಅಲ್ಲೇ ಹುಟ್ಟುವ ಮಲಪ್ರಭೆ ಮಾತ್ರ ಪೂರ್ವಕ್ಕೆ ಮುಖ ಮಾಡಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯ ಹಾದಿ ಹಿಡಿಯುತ್ತಾಳೆ. ಆ ಊರಿನ ಪರಿಚಿತರೊಬ್ಬರಿಗೆ ಅಷ್ಟು ಕಾಯುವ ತಾಳ್ಮೆಯಿಲ್ಲ. ಬಾವಿ ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಕದಡಿ, ಮನೆಯ ಹವಳದ ತೊಟ್ಟಿಗೆಂದು ಬಕೆಟ್ಟಿನಲ್ಲೇ ಕಡಲು ಮಾಡುತ್ತಾರೆ. ಅಡುಗೆ ಉಪ್ಪು ಇದಕ್ಕೆ ಒಗ್ಗದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕು.

ಈ ಮಳೆಗಾಲದಲ್ಲಿ ಅವರ ತೊಟ್ಟಿಯ ಲೆದರ್ ಕೋರಲ್ ಎಂಬ ಮೆತ್ತನೆಯ ಹವಳ ಮುದುಡಿತು. ಅಣಬೆಯಂಥ ಕೊಡೆಯ ಮೇಲೆ ಸದಾ ತೂಗಾಡುತ್ತಿದ್ದ ಎಳೆಗಳೆಲ್ಲ ಒಳಸೇರಿ, ಮೈಮೇಲೆ ಮಂಕಾದ, ಮೇಣದ ಹೊಳಪಿನ ಪದರ. "ಸತ್ತಂಗ ಕಾಣಸ್ತೈತ್ರಿ ಸರ, ಏನರೆ ಔಷಧ ಹಾಕೂಣೇನು?" ಎಂದರು. ಕೈಯಲ್ಲಿ ಆಗಲೇ ಮೀನಿನ ಬಿಳಿಚುಕ್ಕೆ ರೋಗದ ತಾಮ್ರದ ಔಷಧಿ. ಅದನ್ನು ಸುರಿದಿದ್ದರೆ ಹವಳವೂ, ತೊಟ್ಟಿಯ ಸೀಗಡಿ, ಬಸವನಹುಳುಗಳೂ ಒಟ್ಟಿಗೇ ಹೋಗುತ್ತಿದ್ದವು.

ಲೆದರ್ ಕೋರಲ್ ಆಗಾಗ ಪೊರೆ ಬಿಡುತ್ತದೆ. ಮೈಗೆ ಅಂಟಿದ ಪಾಚಿ, ಕೊಳೆಯನ್ನು ಕಳಚುವ ಬಗೆಯದು. ಕೆಲವು ದಿನ, ಒಮ್ಮೊಮ್ಮೆ ಎರಡು ವಾರವೂ ಹಿಡಿಯಬಹುದು. ಪಂಪಿನ ಬಾಯನ್ನು ತುಸು ಅದರತ್ತ ತಿರುಗಿಸಿದರೆ ಪದರ ಹರಿದು ಬರುತ್ತದೆ, ಅಷ್ಟೇ ಉಪಚಾರ. ನಿಜವಾದ ಕಾಯಿಲೆ ಬೇರೆ ರೀತಿ ಕಾಣುತ್ತದೆ: ಮಾಂಸ ಕರಗುತ್ತದೆ, ಕಂದು ಲೋಳೆ ಕಟ್ಟುತ್ತದೆ, ಮೂಗಿಗೆ ಹಿಡಿದರೆ ಕೊಳೆತ ನಾತ. ಆಗ ಹರಿತ ಬ್ಲೇಡಿನಿಂದ ಕೊಳೆತ ಭಾಗ ಕತ್ತರಿಸಿ, ಉಳಿದದ್ದನ್ನು ಬೇರೆ ಪಾತ್ರೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪುನೀರಿನಲ್ಲಿ ಅದ್ದಬೇಕು. ತೊಟ್ಟಿಗೇ ಔಷಧ ಸುರಿಯುವುದಲ್ಲ.

ಅದಕ್ಕೂ ಮೊದಲು ನೀರಿನ ನಾಡಿ ನೋಡಬೇಕು. ಉಷ್ಣಾಂಶ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗೆ ಇದೆಯೇ, ಉಪ್ಪಿನಂಶ ಏರಿದೆಯೇ, ಕ್ಷಾರತೆ ಹಾರಾಡುತ್ತಿದೆಯೇ? ಅಂಕಿ ಕೊಂಚ ಕಡಿಮೆಯಿದ್ದರೂ ಹವಳ ಸಹಿಸಿಕೊಳ್ಳುತ್ತದೆ; ದಿನಕ್ಕೊಂದು ಅಂಕಿಯಾದರೆ ಸಹಿಸದು. ಅವಸರದಲ್ಲಿ ಸರಿಪಡಿಸಲು ಹೋದವರೇ ಹೆಚ್ಚು ಹವಳ ಕೊಂದಿರಬೇಕೆಂದು ನನ್ನ ಗುಮಾನಿ.

ಒಂದು ಮಾತು: ಇದ್ದ ಹವಳ ಸತ್ತರೂ ಅದರ ಬದಲಿಗೆಂದು ಪಕ್ಕದ ಮಾಲ್ವಣದ ಕಡಲಿನಿಂದ ಗಟ್ಟಿ ಹವಳದ ತುಂಡು ತರುವ ಯೋಚನೆ ಬೇಡ. 2001ರಿಂದ ಅದು ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿಯ ಸಾಲಿನಲ್ಲೇ.

ಘಟ್ಟದ ಮಳೆಯಲ್ಲಿ ಇನ್ನೊಂದು ಕಾಟ ಕರೆಂಟಿನದು. ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ನೀರಿನ ಆಮ್ಲಜನಕ ಇಳಿಯುತ್ತದೆ. ಔಷಧಿಗೆ ಸುರಿಯುವ ದುಡ್ಡಿನಲ್ಲಿ ಬ್ಯಾಟರಿ ಏರ್ ಪಂಪ್ ಒಂದನ್ನು ಕೊಂಡಿಡಿ ಎಂದೆ.