ಪ್ರತಿನಿಧಿಯ ನಡೆಗೆ ಸಾಕ್ಷಿ ಯಾರು?

ಒಬ್ಬನ ಪರವಾಗಿ ಮತ್ತೊಬ್ಬನು ಕಾರ್ಯ ಮಾಡುವಲ್ಲೆಲ್ಲ ಲೆಕ್ಕವೊಂದು ಹುಟ್ಟಿಕೊಳ್ಳುತ್ತದೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆಯ ರೈತನು ತನ್ನ ಶೇಂಗಾವನ್ನಾಗಲಿ ಮೆಕ್ಕೆಜೋಳವನ್ನಾಗಲಿ ಅಡತಿಯ ಅಂಗಡಿಯಲ್ಲಿ ಇಳಿಸಿದ ಮೇಲೆ, ತೂಕವೆಷ್ಟು, ದರವೆಷ್ಟು, ಹಮಾಲಿಗೆ ಹೋದದ್ದೆಷ್ಟು, ಕೈಗೆ ಬರತಕ್ಕದ್ದೆಷ್ಟು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳದೆ ಮನೆಗೆ ಮರಳುವುದಿಲ್ಲ. ಅಡತಿಯವನು ಹಳೆಯ ಪರಿಚಯದವನಾಗಿದ್ದರೂ ಚೀಟಿ ಬೇಕು. ಚೀಟಿ ಕೇಳಿದ ಮಾತ್ರಕ್ಕೆ ಆತನಿಗೆ ಅವಮಾನವೂ ಆಗುವುದಿಲ್ಲ. ಆದರೆ ಅದೇ ರೈತನು ಐದು ವರ್ಷಗಳಿಗೊಮ್ಮೆ ತನ್ನ ಮತವನ್ನು ಒಬ್ಬ ಪ್ರತಿನಿಧಿಯ ಕೈಗಿತ್ತು, ಅದು ಶಾಸನಸಭೆಯಲ್ಲಿ ಯಾವ ಬೆಲೆಗೆ ಹೋಯಿತು, ಯಾವ ಪಕ್ಕಕ್ಕೆ ತೂಗಿತು ಎಂಬ ಚೀಟಿಯನ್ನು ಯಾರಲ್ಲಿಯೂ ಬೇಡುವುದಿಲ್ಲ. ಇದು ವಿಶ್ವಾಸವೋ ಔದಾಸೀನ್ಯವೋ? ಪ್ರತಿನಿಧಿಯ ಹಾಜರಿ, ಪ್ರಶ್ನೆ, ಮತಗಳನ್ನು ಎಣಿಸಿಡುವುದು ಧರ್ಮವೋ, ಇಲ್ಲವೇ ಕೇವಲ ದೋಷಾನ್ವೇಷಣೆಯೋ? ಇದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ವಸ್ತುಸ್ಥಿತಿಯನ್ನು ನೋಡಬೇಕು. ಸದನದಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕೃತವಾಗುತ್ತವೆ. ಒಪ್ಪುವವರು ‘ಹೌದು’ ಎನ್ನುತ್ತಾರೆ, ಒಪ್ಪದವರು ‘ಇಲ್ಲ’ ಎನ್ನುತ್ತಾರೆ. ಯಾವ ದನಿ ಹೆಚ್ಚೆಂಬುದನ್ನು ಪೀಠದಲ್ಲಿದ್ದವರು ನಿರ್ಣಯಿಸುತ್ತಾರೆ. ಅಲ್ಲಿ ದನಿಯುಂಟು, ಹೆಸರಿಲ್ಲ. ಸದಸ್ಯರು ಮತವಿಭಜನೆಯನ್ನು ಕೇಳಿ ಅದು ನಡೆದಾಗ ಮಾತ್ರ ಯಾರು ಎತ್ತ ನಿಂತರೆಂಬುದು ಲಿಖಿತವಾಗುತ್ತದೆ. ೨೦೨೦ನೆಯ ಇಸವಿ ಸೆಪ್ಟೆಂಬರ್ ೨೦ರಂದು ಕೃಷಿಮಸೂದೆಗಳು ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದಲೇ ಅಂಗೀಕೃತವಾದವು. ಮತವಿಭಜನೆ ಬೇಕೆಂದು ವಿರೋಧಪಕ್ಷದವರು ಕೇಳಿದ್ದು ದೊಡ್ಡ ವಿವಾದಕ್ಕೆ ಕಾರಣವಾಯಿತು. ಮರುವರ್ಷ ನವೆಂಬರ್ ೨೯ರಂದು ಆ ಕಾಯಿದೆಗಳನ್ನು ರದ್ದುಗೊಳಿಸಿದ್ದೂ ಧ್ವನಿಮತದಿಂದಲೇ. ಕಾಯಿದೆ ಬಂದಾಗಲೂ ಹೋದಾಗಲೂ ಯಾವ ಸದಸ್ಯನು ಯಾವ ಪಕ್ಕದಲ್ಲಿದ್ದನೆಂಬ ಪಟ್ಟಿ ಹುಟ್ಟಲಿಲ್ಲ. ಹೊಲದಲ್ಲಿ ನಿಂತು ಅದರ ಫಲವನ್ನುಣ್ಣಬೇಕಾದವನಿಗೆ ಚೀಟಿಯೇ ಇಲ್ಲದಂತಾಯಿತು.

ಬೇರೆಡೆಗಳಲ್ಲಿ ಈ ಪದ್ಧತಿ ಎಂದೋ ಬೇರೂರಿದೆ. ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ ಮತವಿಭಜನೆಯ ಪಟ್ಟಿಗಳು ೧೮೩೬ರಿಂದಲೂ ಅಧಿಕೃತವಾಗಿ ಪ್ರಕಟವಾಗುತ್ತ ಬಂದಿವೆ. ಅಮೆರಿಕದ ಸಂವಿಧಾನದಂತೆ ಹಾಜರಿದ್ದ ಸದಸ್ಯರಲ್ಲಿ ಐದನೆಯ ಒಂದು ಪಾಲು ಜನ ಬಯಸಿದರೆ ಹೆಸರುಸಹಿತ ಮತವನ್ನು ದಾಖಲಿಸಲೇಬೇಕು. ಈ ದೇಶದಲ್ಲಿಯೂ ಪಿ.ಆರ್.ಎಸ್. ಎಂಬ ಸಂಶೋಧನಸಂಸ್ಥೆಯು ೨೦೦೫ರಿಂದೀಚೆಗೆ ಸಂಸತ್ಸದಸ್ಯರ ಹಾಜರಿ, ಪ್ರಶ್ನೆ, ಚರ್ಚೆಗಳ ಲೆಕ್ಕವನ್ನು ಜನರ ಮುಂದಿಡುವ ಕಾರ್ಯದಲ್ಲಿ ತೊಡಗಿದೆ. ಆದುದರಿಂದ ಲೆಕ್ಕವಿಡುವುದು ಅಸಾಧ್ಯವಲ್ಲ. ಅದು ಯುಕ್ತವೇ ಎಂಬುದು ಉಳಿದ ಪ್ರಶ್ನೆ.

ಇಲ್ಲಿ ಪೂರ್ವಪಕ್ಷದವರು ಹೇಳುವ ಮೊದಲನೆಯ ಮಾತು ಹೀಗಿದೆ: ಮತದಾರನ ಮತ ಗುಪ್ತವಾಗಿರುವಾಗ ಶಾಸಕನ ಮತ ಮಾತ್ರ ಬಯಲಾಗಬೇಕೇಕೆ? ಆತನಿಗೂ ಅಂತಃಕರಣವಿಲ್ಲವೇ? ಇದಕ್ಕೆ ಉತ್ತರ ಸುಲಭ. ಮತದಾರನು ತನ್ನ ಪರವಾಗಿ ತಾನೇ ಮತವೀಯುತ್ತಾನೆ; ಆತನು ಉತ್ತರ ಕೊಡಬೇಕಾದವರು ಯಾರೂ ಇಲ್ಲ; ಗುಟ್ಟು ಆತನನ್ನು ಬಲಿಷ್ಠರಿಂದ ಕಾಯುತ್ತದೆ. ಶಾಸಕನು ಎತ್ತುವ ಕೈ ಆತನದಾದರೂ ಆ ಕೈಯಲ್ಲಿರುವ ಅಧಿಕಾರ ಅನ್ಯರದು. ತನ್ನ ಸ್ವಂತ ಧನವನ್ನು ಯಾರೂ ಗುಟ್ಟಾಗಿ ಇಟ್ಟುಕೊಳ್ಳಬಹುದು. ಪರರ ಭಂಡಾರವನ್ನು ಕಾಯುವವನು ಕೀಲಿಕೈಯ ಜೊತೆಗೆ ಲೆಕ್ಕದ ಪುಸ್ತಕವನ್ನೂ ಹೊತ್ತಿರಬೇಕು.

ಈ ಸಂದರ್ಭದಲ್ಲಿ ಬಸವಣ್ಣನವರ ಚರಿತ್ರೆಯನ್ನು ಹೇಳುವ ಪುರಾಣಗಳ ಒಂದು ಪ್ರಸಂಗ ನೆನಪಿಗೆ ಬರುವುದು ಸಹಜ. ಬಿಜ್ಜಳನ ಭಂಡಾರಿಯಾಗಿದ್ದ ಅವರು ಅರಸನ ಧನವನ್ನು ಜಂಗಮರಿಗೆ ವ್ಯಯಮಾಡುತ್ತಿರುವರೆಂದು ಹಗೆಗಳು ದೂರಿತ್ತರು. ಭಂಡಾರವನ್ನು ತೆರೆಸಿ ಎಣಿಸಲಾಗಿ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ಪವಾಡವೆಂದು ಕೇಳಿ ಕೈಮುಗಿದು ಬಿಡುವವರೇ ಹೆಚ್ಚು. ಅದರಲ್ಲಿರುವ ಇನ್ನೊಂದು ಅಂಶವನ್ನು ಗಮನಿಸುವವರು ವಿರಳ. ಭಂಡಾರಿಯು ‘ನನ್ನನ್ನು ಶಂಕಿಸಿದಿರಾ’ ಎಂದು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ; ಬಾಗಿಲನ್ನು ತೆರೆದನು. ಶುದ್ಧನಾದವನಿಗೆ ಪರೀಕ್ಷೆಯು ಅಪಮಾನವಲ್ಲ, ಅದೇ ಆತನ ರಕ್ಷೆ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದುಂಟು, ತಾನು ಸೇವಕನೆಂಬ ಅರಿವನ್ನು ಬಿಡದೆ ನಡೆಯುವುದೇ ಅದರ ತಿರುಳು. ‘ಜನಸೇವಕ’ನೆಂಬ ಬಿರುದನ್ನು ಗೋಡೆಯ ಮೇಲೆ ಬರೆಸಿಕೊಂಡವನು ಯಜಮಾನನಿಗೆ ಲೆಕ್ಕ ತೋರಿಸಲು ಬೇಸರಿಸಿದರೆ ಆ ಬಿರುದು ಗೋಡೆಯಲ್ಲಿಯೇ ಉಳಿಯುತ್ತದೆ.

ಎರಡನೆಯ ಪೂರ್ವಪಕ್ಷ ಇದಕ್ಕಿಂತ ಬಲವಾದುದು. ೧೯೮೫ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ, ಪಕ್ಷದ ಸಚೇತಕನ ಆಜ್ಞೆಯನ್ನು, ಎಂದರೆ ವಿಪ್ಪನ್ನು, ಮೀರಿ ಸದನದಲ್ಲಿ ಮತವಿತ್ತವನು ಸದಸ್ಯತ್ವಕ್ಕೆ ಎರವಾಗಬಹುದು. ೧೯೯೨ರ ಕಿಹೊತೊ ಹೊಲ್ಲೊಹಾನ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಬಂಧನವನ್ನು ವಿಶ್ವಾಸಮತದಂಥ ಹಾಗೂ ಪಕ್ಷದ ಮೂಲನೀತಿಗೆ ಸೇರಿದ ವಿಷಯಗಳಿಗೆ ಮಿತಗೊಳಿಸಿಕೊಳ್ಳುವುದು ಲೇಸೆಂದು ಸೂಚಿಸಿದರೂ ವಿಪ್ಪಿನ ವ್ಯಾಪ್ತಿ ಕುಗ್ಗಲಿಲ್ಲ. ಹೀಗಿರುವಾಗ ಸದಸ್ಯನ ಮತವು ಆತನ ಮತವೇ ಅಲ್ಲ, ಪಕ್ಷದ ಮತ; ಅದನ್ನು ಆತನ ಖಾತೆಗೆ ಬರೆಯುವುದು ನ್ಯಾಯವೇ ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಹಗರಿಬೊಮ್ಮನಹಳ್ಳಿಯ ಕ್ಷೇತ್ರದಲ್ಲಿಯೇ ನಿದರ್ಶನವುಂಟು. ೨೦೧೩ರಲ್ಲಿ ಇಲ್ಲಿಂದ ಜನತಾದಳದ ಪರವಾಗಿ ಆಯ್ಕೆಯಾದವರು ಎಲ್.ಬಿ.ಪಿ. ಭೀಮಾನಾಯ್ಕರು. ೨೦೧೬ನೆಯ ಇಸವಿ ಜೂನ್ ತಿಂಗಳಿನ ರಾಜ್ಯಸಭಾ ಚುನಾವಣೆಯಲ್ಲಿ ಆ ಪಕ್ಷದ ಎಂಟು ಮಂದಿ ಶಾಸಕರು ತಮ್ಮ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಕಾಂಗ್ರೆಸ್ಸಿನ ಮೂರನೆಯ ಅಭ್ಯರ್ಥಿಗೆ ಮತವಿತ್ತರು. ಅವರಲ್ಲಿ ಇವರೂ ಒಬ್ಬರು. ೨೦೧೮ರ ಮಾರ್ಚಿಯಲ್ಲಿ ಶಾಸಕಸ್ಥಾನಕ್ಕೆ ರಾಜೀನಾಮೆಯಿತ್ತು ಕಾಂಗ್ರೆಸ್ಸಿಗೆ ಸೇರಿ, ಅದೇ ವರ್ಷದ ಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆದ್ದರು. ೨೦೨೩ರಲ್ಲಿ ಜನರು ಕೆ. ನೇಮಿರಾಜನಾಯ್ಕರನ್ನು ಆರಿಸಿದರು. ೨೦೦೮ರಲ್ಲಿ ಭಾರತೀಯ ಜನತಾಪಕ್ಷದಿಂದ ಗೆದ್ದಿದ್ದ ಅವರು ಈ ಸಲ ಗೆದ್ದದ್ದು ಜನತಾದಳದಿಂದ.

ಇಲ್ಲಿ ಯಾರನ್ನೂ ತೆಗಳುವ ಉದ್ದೇಶವಿಲ್ಲ. ಗಮನಿಸತಕ್ಕ ಸೂಕ್ಷ್ಮವೊಂದಿದೆ. ೨೦೦೩ರ ತಿದ್ದುಪಡಿಯಿಂದೀಚೆಗೆ ರಾಜ್ಯಸಭೆಯ ಚುನಾವಣೆಯಲ್ಲಿ ಮತ ಬಹಿರಂಗವಾದುದು. ಶಾಸಕನು ಗುರುತು ಹಾಕಿದ ಮತಪತ್ರವನ್ನು ತನ್ನ ಪಕ್ಷದ ಅಧಿಕೃತ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಆದರೂ ಆ ಮತಕ್ಕೆ ಹತ್ತನೆಯ ಅನುಸೂಚಿಯ ದಂಡನೆ ತಗಲುವುದಿಲ್ಲ. ಎಂದರೆ ಮತವು ಕಣ್ಣಿಗೆ ಬಿದ್ದಿತು, ಆದರೆ ಬಿದ್ದದ್ದು ಪಕ್ಷದ ಕಣ್ಣಿಗೆ. ಪಕ್ಷಕ್ಕೆ ತೋರಿಸಬೇಕಾದ ಪತ್ರವನ್ನು ಆರಿಸಿ ಕಳಿಸಿದ ಜನರಿಗೆ ತೋರಿಸಬೇಕೆಂಬ ನಿಯಮವಿಲ್ಲ. ಸೇವಕನ ಲೆಕ್ಕವನ್ನು ಮೇಸ್ತ್ರಿಯು ನೋಡುವನು, ಮನೆಯ ಯಜಮಾನನು ಬೀದಿಯಲ್ಲಿ ನಿಂತು ಸುದ್ದಿ ಕೇಳುವನು! ಇನ್ನು, ಆ ಮತ ಸರಿಯೋ ತಪ್ಪೋ? ಪಕ್ಷದ ದೃಷ್ಟಿಯಲ್ಲಿ ಅದು ದ್ರೋಹ. ಮತವಿತ್ತವನ ದೃಷ್ಟಿಯಲ್ಲಿ ಸ್ವಾತಂತ್ರ್ಯವಿರಬಹುದು. ೨೦೧೮ರಲ್ಲಿ ಜನರು ಅವರನ್ನೇ ಮರಳಿ ಆರಿಸಿದ್ದನ್ನು ಸಮ್ಮತಿಯೆಂದೂ ವ್ಯಾಖ್ಯಾನಿಸಬಹುದು, ೨೦೨೩ರದನ್ನು ಅಸಮ್ಮತಿಯೆಂದೂ ವ್ಯಾಖ್ಯಾನಿಸಬಹುದು. ದಾಖಲೆಯು ‘ಏನು’ ಎಂಬುದನ್ನು ಹೇಳಿತು. ‘ಏಕೆ’ ಎಂಬುದನ್ನು ಹೇಳಲಿಲ್ಲ. ಇದೇ ದಾಖಲೆಯ ಎಲ್ಲೆ, ಇದೇ ಅದರ ಉಪಯೋಗವೂ ಹೌದು. ‘ಏನು’ ಎಂಬುದು ತಿಳಿಯದಿದ್ದರೆ ‘ಏಕೆ’ ಎಂದು ಕೇಳುವುದು ಎಂತು? ವಿಪ್ಪಿಗೆ ಮಣಿದು ಮತವಿತ್ತವನಿಗೂ ಈ ಪ್ರಶ್ನೆ ಸಲ್ಲುತ್ತದೆ. ಮಣಿಯುವುದೂ ಒಂದು ಕ್ರಿಯೆಯೇ. ಅದರ ಕರ್ತೃವೂ ಆತನೇ.

ಸದನದಲ್ಲಿ ಇಲ್ಲದಿರುವುದೂ ಒಂದು ಮತವಾಗಬಲ್ಲುದು. ೨೦೧೯ನೆಯ ಇಸವಿ ಜುಲೈ ೨೩ರಂದು ಬೆಂಗಳೂರಿನ ವಿಧಾನಸಭೆಯಲ್ಲಿ ಕುಮಾರಸ್ವಾಮಿಯವರ ಮಂತ್ರಿಮಂಡಲವು ೯೯ಕ್ಕೆ ಪ್ರತಿಯಾಗಿ ೧೦೫ ಮತಗಳಿಂದ ಬಿದ್ದುಹೋಯಿತು. ಅದನ್ನು ಬೀಳಿಸಿದವರಲ್ಲಿ ಆ ದಿನ ಸದನದೊಳಗೆ ಕಾಲಿಡದವರೂ ಸೇರಿದ್ದರು. ನೆರೆಯ ವಿಜಯನಗರ ಕ್ಷೇತ್ರದ ಆನಂದಸಿಂಗರು ತಿಂಗಳ ಮೊದಲಲ್ಲಿಯೇ ರಾಜೀನಾಮೆಯಿತ್ತಿದ್ದರು. ಸಭಾಧ್ಯಕ್ಷರು ಹದಿನೇಳು ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಮಾತ್ರ ಅವಕಾಶವಿತ್ತಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಆನಂದಸಿಂಗರು ಬೇರೆ ಪಕ್ಷದಿಂದ ಗೆದ್ದುಬಂದರು. ಒಂದೊಂದು ಮತಕ್ಕೂ ಇರುವ ತೂಕವನ್ನು ತಿಳಿಯಬೇಕಾದರೆ ೧೯೯೯ರ ಏಪ್ರಿಲ್ ೧೭ನ್ನು ನೆನೆಯಬಹುದು. ಅಂದು ಲೋಕಸಭೆಯಲ್ಲಿ ವಾಜಪೇಯಿಯವರ ಸರಕಾರವು ೨೬೯ಕ್ಕೆ ೨೭೦ರಂತೆ ಒಂದೇ ಮತದಿಂದ ಸೋತಿತು.

ಮೂರನೆಯ ಆಕ್ಷೇಪವು ಲೆಕ್ಕವಿಡುವವರಿಗೇ ಎಚ್ಚರಿಕೆಯಾಗಿದೆ. ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿಗಳೆಂಬ ದೋಷಗಳನ್ನು ಹೇಳುತ್ತಾರೆ. ಒಳಗೆ ಬರಬೇಕಾದುದನ್ನು ಬಿಡುವುದು ಅವ್ಯಾಪ್ತಿ. ಹೊರಗಿರಬೇಕಾದುದನ್ನು ಒಳಗೆ ಕರೆದುಕೊಳ್ಳುವುದು ಅತಿವ್ಯಾಪ್ತಿ. ‘ಹೆಚ್ಚು ಪ್ರಶ್ನೆ ಕೇಳಿದವನೇ ಒಳ್ಳೆಯ ಪ್ರತಿನಿಧಿ’ ಎಂದು ಲಕ್ಷಣ ಮಾಡಿದರೆ ಎರಡೂ ದೋಷಗಳು ಬರುತ್ತವೆ. ಮಂತ್ರಿಯಾದವನು ಪ್ರಶ್ನೆ ಕೇಳುವುದಿಲ್ಲ, ಉತ್ತರ ಹೇಳುತ್ತಾನೆ. ಆತನು ಹಾಜರಿಯ ಪುಸ್ತಕಕ್ಕೆ ರುಜು ಹಾಕುವುದೂ ಇಲ್ಲ. ಸಭಾಧ್ಯಕ್ಷನು ಮತಗಳು ಸಮನಾದಾಗಲ್ಲದೆ ಮತವೀಯುವುದಿಲ್ಲ. ಸಮಿತಿಯಲ್ಲಿ ಕುಳಿತು ಮಸೂದೆಯ ಒಂದೊಂದು ಕಲಮನ್ನೂ ತಿದ್ದುವವನ ಶ್ರಮ ಎಣಿಕೆಗೆ ಸಿಕ್ಕುವುದಿಲ್ಲ. ಇದು ಅವ್ಯಾಪ್ತಿ. ಇನ್ನು ೨೦೦೫ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳುವುದಕ್ಕೆ ಹಣ ಪಡೆದರೆಂಬ ಕಾರಣದಿಂದ ಹನ್ನೊಂದು ಮಂದಿ ಸಂಸತ್ಸದಸ್ಯರನ್ನು ಸಂಸತ್ತು ಹೊರಹಾಕಿತು. ಬರಿಯ ಎಣಿಕೆಯ ಪುಸ್ತಕದಲ್ಲಿ ಅಂಥ ಪ್ರಶ್ನೆಗಳೂ ಪುಣ್ಯದ ಖಾತೆಗೇ ಸೇರುತ್ತಿದ್ದವು. ಇದು ಅತಿವ್ಯಾಪ್ತಿ.

ಹಾಗಾದರೆ ಲೆಕ್ಕವನ್ನೇ ಬಿಡಬೇಕೆ? ಹಾಗಲ್ಲ. ತಕ್ಕಡಿಯಲ್ಲಿ ಕಾಳಿನ ರುಚಿ ತಿಳಿಯುವುದಿಲ್ಲವೆಂದು ಯಾರೂ ತಕ್ಕಡಿಯನ್ನು ಎಸೆಯುವುದಿಲ್ಲ. ತೂಕಕ್ಕೆ ತಕ್ಕಡಿ, ರುಚಿಗೆ ನಾಲಗೆ. ಎಣಿಕೆಯು ವಿಚಾರದ ಆರಂಭ, ಅಂತ್ಯವಲ್ಲ. ಐದು ಸಂಗತಿಗಳನ್ನು ಗುರುತಿಸಿಟ್ಟುಕೊಂಡರೆ ಸಾಮಾನ್ಯನಿಗೂ ಸಾಕಾಗುತ್ತದೆ: ಸದನ ಸೇರಿದ ದಿನಗಳಲ್ಲಿ ಪ್ರತಿನಿಧಿಯು ಎಷ್ಟು ದಿನ ಇದ್ದನು, ತನ್ನ ಸೀಮೆಯ ಯಾವ ಕಷ್ಟವನ್ನು ಕುರಿತು ಏನು ಕೇಳಿದನು, ಬಂದ ಉತ್ತರದ ಬೆನ್ನು ಹತ್ತಿದನೇ, ಮತವಿಭಜನೆಯಾದಾಗ ಎಲ್ಲಿ ನಿಂತನು, ಚುನಾವಣೆಯ ಕಾಲದಲ್ಲಿ ಆಡಿದ ಮಾತಿಗೂ ಇವುಗಳಿಗೂ ತಾಳೆಯುಂಟೆ. ಕರ್ನಾಟಕದಲ್ಲಿ ೨೦೦೫ರ ಕಾಯಿದೆಯೊಂದರಂತೆ ಶಾಸನಸಭೆಯು ವರ್ಷಕ್ಕೆ ೬೦ ದಿನಗಳಿಗೆ ಕಡಿಮೆಯಿಲ್ಲದಂತೆ ಸೇರಬೇಕು; ಬಹುಪಾಲು ವರ್ಷಗಳಲ್ಲಿ ಅದು ನಡೆದಿಲ್ಲ. ಸದನವೇ ಸೇರದಿದ್ದರೆ ಸದಸ್ಯನ ಹಾಜರಿಯನ್ನು ಎಣಿಸುವುದಾದರೂ ಎಲ್ಲಿ? ಆದುದರಿಂದ ವ್ಯಕ್ತಿಯ ಜೊತೆಗೆ ಸಭೆಯ ಲೆಕ್ಕವನ್ನೂ ಕೇಳತಕ್ಕದ್ದು.

ಜನರ ಕಣ್ಣಿಗೆ ಬೀಳುವುದು ಬೇರೆ. ಸಮುದಾಯಭವನದ ಗೋಡೆಯಲ್ಲಿ ಹೆಸರು ಕೆತ್ತಿದ ಕಲ್ಲು ಕಾಣುತ್ತದೆ; ಬೀದಿಯ ದೀಪ ಕಾಣುತ್ತದೆ; ಮದುವೆಯ ಮಂಟಪಕ್ಕೆ ಬಂದು ಅಕ್ಷತೆ ಹಾಕಿದ್ದು ಕಾಣುತ್ತದೆ. ಮಾಲವಿಯ ಜಲಾಶಯಕ್ಕೆ ತುಂಗಭದ್ರೆಯ ನೀರು ಬರಲೆಂದು ಈ ಸೀಮೆಯವರು ಬಹುಕಾಲ ಬೇಡಿಕೊಂಡರು. ಅಂಥ ಬೇಡಿಕೆ ಊರಿನ ಸಭೆಯ ಭಾಷಣದಲ್ಲಿ ಎಷ್ಟು ಸಲ ಕೇಳಿಸಿತೆಂಬುದನ್ನು ಜನ ಬಲ್ಲರು. ಆಯವ್ಯಯದ ಚರ್ಚೆಯ ದಿನ ಸದನದಲ್ಲಿ ಎಷ್ಟು ಸಲ ಕೇಳಿಸಿತೆಂಬುದನ್ನು ವಿಚಾರಿಸುವವರು ಬೆರಳೆಣಿಕೆಯಷ್ಟು. ಶಾಸಕನ ಮುಖ್ಯ ಕಾಯಕ ಶಾಸನ ಮಾಡುವುದು. ಕಾಯಕವನ್ನು ಮರೆತು ಉಪಚಾರವನ್ನು ಮೆಚ್ಚುವ ಜನರಿಗೆ ಉಪಚಾರವೇ ದೊರೆಯುತ್ತದೆ.

ಕೊನೆಯದಾಗಿ ಒಂದು ಕಠಿಣವಾದ ಮಾತು. ಪರರ ಲೆಕ್ಕ ಕೇಳುವವನ ಕೈಯೂ ಶುದ್ಧವಾಗಿರಬೇಕು. ಶಾಸಕನು ಹಣ ಪಡೆದು ಸದನದಲ್ಲಿ ಮತವಿತ್ತರೆ ಯಾವ ವಿಶೇಷಾಧಿಕಾರವೂ ಆತನನ್ನು ಕಾಯದೆಂದು ೨೦೨೪ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸೀತಾ ಸೊರೇನ್ ಮೊಕದ್ದಮೆಯಲ್ಲಿ ತೀರ್ಪಿತ್ತು, ೧೯೯೮ರ ತನ್ನ ಹಳೆಯ ತೀರ್ಪನ್ನೇ ತಿದ್ದಿಕೊಂಡಿತು. ಚುನಾವಣೆಯ ಹಿಂದಿನ ಇರುಳು ನೋಟು ಪಡೆದು ಮತವಿತ್ತ ಮತದಾರನಿಗೆ ಈ ತೀರ್ಪಿನ ಮಾತು ಕಿವಿಗೆ ಬೀಳಬೇಡವೇ? ಅಡತಿಯ ಅಂಗಡಿಯಲ್ಲಿ ಮಾಲಿನ ಬೆಲೆಯನ್ನು ಮುಂಗಡವಾಗಿಯೇ ಪೂರ್ತಿ ಪಡೆದವನಿಗೆ ಆಮೇಲೆ ಚೀಟಿ ಕೇಳುವ ಹಕ್ಕಿಲ್ಲ, ಮಾಲು ಮಾರಿಹೋಯಿತು. ಮತವನ್ನು ಮಾರಿದವನು ಪ್ರತಿನಿಧಿಯನ್ನು ಕಳಿಸಲಿಲ್ಲ, ಗಿರಾಕಿಯನ್ನು ಕಳಿಸಿದನು. ಗಿರಾಕಿಯು ಲೆಕ್ಕ ಕೊಡನು.

ಆದುದರಿಂದ ಪ್ರತಿನಿಧಿಯ ನಡೆಗೆ ಸಾಕ್ಷಿ ಯಾರು ಎಂಬ ಪ್ರಶ್ನೆಗೆ ಸದನದ ಪುಸ್ತಕವೊಂದೇ ಉತ್ತರವಲ್ಲ. ಪುಸ್ತಕವು ಸುಮ್ಮನೆ ಬಿದ್ದಿರುತ್ತದೆ. ಅದನ್ನು ತೆರೆದು ಓದುವವನೇ ನಿಜವಾದ ಸಾಕ್ಷಿ. ಆತನು ದ್ವೇಷವಿಲ್ಲದೆ ಓದಬೇಕು, ಸ್ವಜಾತಿ ಸ್ವಪಕ್ಷಗಳ ಮೋಹವಿಲ್ಲದೆ ಓದಬೇಕು, ತನ್ನ ನಡೆಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಮುಂದೊಂದು ದಿನ ಪ್ರತಿನಿಧಿಯು ಊರಿಗೆ ಬಂದಾಗ ಹಾರದ ಜೊತೆಗೆ ಒಂದೇ ಒಂದು ಪ್ರಶ್ನೆಯನ್ನು ವಿನಯದಿಂದ ಮುಂದಿಡಲಿ: ‘ಅಂದು ತಾವು ಎಲ್ಲಿ ನಿಂತಿದ್ದಿರಿ, ಏಕೆ ನಿಂತಿದ್ದಿರಿ?’ ಉತ್ತರ ಹೇಳಬಲ್ಲವನು ಅದರಿಂದ ಹಿಗ್ಗುವನು. ಹೇಳಲಾರದವನು ಮರಳಿ ಬರುವ ಮೊದಲು ಉತ್ತರವನ್ನು ಹುಡುಕಿಕೊಳ್ಳುವನು. ಎರಡರಿಂದಲೂ ನಾಡಿಗೆ ಲಾಭವೇ.